ಆಳದ ಕೃತಕ ರೀಫ್‌ಗೆ ಟೆಕ್ನಿಕಲ್ ಡೈವ್: ಮೇಲೆ ಬರುವ ಲೆಕ್ಕದಿಂದ ಶುರು ಮಾಡುವ ಮಾರ್ಗದರ್ಶಿ

2006ರ ಮೇ 17ರಂದು ಅಮೆರಿಕದ ಫ್ಲಾರಿಡಾದಲ್ಲಿ, ಪೆನ್ಸಕೋಲಾ ತೀರದಿಂದ ದೂರದ ಸಮುದ್ರದಲ್ಲಿ ‘ಒರಿಸ್ಕನಿ’ ಎಂಬ ವಿಮಾನವಾಹಕ ಯುದ್ಧನೌಕೆಯನ್ನು ಬೇಕೆಂದೇ ಮುಳುಗಿಸಿದರು. ಸ್ಫೋಟಕ ಇಟ್ಟು ತಳಕ್ಕೆ ತೂತು ಮಾಡಿದ ಮೇಲೆ ಸುಮಾರು 37 ನಿಮಿಷದಲ್ಲಿ ಅದು ನೀರೊಳಗೆ ಹೋಯಿತು. ಸುಮಾರು 270 ಮೀಟರ್ ಉದ್ದದ ಹಡಗು. ಈಗ 65 ಮೀಟರ್ ಆಳದ ಮರಳಿನ ಮೇಲೆ ನೆಟ್ಟಗೆ ನಿಂತಿದೆ. ಮೀನುಗಳಿಗೆ ಮನೆ ಆಗಲಿ ಎಂದು ಮುಳುಗಿಸಿದ ಹಡಗು ಇದು. ಇಂಥದ್ದನ್ನೇ ಕೃತಕ ರೀಫ್, ಅಂದರೆ ಮನುಷ್ಯರು ಮಾಡಿದ ಹವಳದ ದಿಬ್ಬ ಎನ್ನುತ್ತಾರೆ.

ಈ ಹಡಗಿನ ಗೋಪುರದ ತುದಿ ಸುಮಾರು 25 ಮೀಟರ್ ಆಳದಲ್ಲೇ ಸಿಗುತ್ತದೆ. ಸಾಮಾನ್ಯ ಸ್ಕೂಬಾ ಡೈವರ್‌ಗಳು ಅಲ್ಲಿಯವರೆಗೆ ಹೋಗಿ ಬರುತ್ತಾರೆ. ವಿಮಾನ ಇಳಿಯುತ್ತಿದ್ದ ಡೆಕ್ ಮೊದಲು 41 ಮೀಟರ್ ಆಳದಲ್ಲಿತ್ತು. 2008ರಲ್ಲಿ ಗುಸ್ತಾವ್ ಚಂಡಮಾರುತ ಬಂದು ಹೋದ ಮೇಲೆ ಹಡಗು ಇನ್ನೂ ಕೆಳಗೆ ಕೂತು, ಡೆಕ್ 44 ಮೀಟರ್‌ಗೆ ಇಳಿಯಿತು. ಮನರಂಜನೆಯ ಡೈವಿಂಗ್‌ನ ಮಿತಿ 40 ಮೀಟರ್. ಅಂದರೆ ಹಡಗಿನ ಮುಖ್ಯ ಭಾಗವೆಲ್ಲ ಆ ಮಿತಿಯ ಕೆಳಗಿದೆ. ಅಲ್ಲಿಗೆ ಹೋಗಬೇಕೆಂದರೆ ಟೆಕ್ನಿಕಲ್ ಡೈವಿಂಗ್ ಕಲಿಯಲೇಬೇಕು.

ಕೆಳಗೆ ಹೋಗುವುದು ಕಷ್ಟದ ಕೆಲಸವಲ್ಲ. ಭಾರ ಇದ್ದರೆ ಯಾರು ಬೇಕಾದರೂ ಮುಳುಗುತ್ತಾರೆ. 50 ಮೀಟರ್ ಆಳದಲ್ಲಿ 20 ನಿಮಿಷ ಕಳೆದ ಮೇಲೆ ನೇರವಾಗಿ ಮೇಲೆ ಬರುವ ಹಾಗಿಲ್ಲ, ತೊಂದರೆ ಇರುವುದು ಅಲ್ಲೇ. ಮೈಯಲ್ಲಿ ಕರಗಿದ ಅನಿಲ ಹೊರಗೆ ಹೋಗಲು ದಾರಿಯಲ್ಲಿ ನಿಂತು ನಿಂತು ಬರಬೇಕು. ಗ್ಯಾಸ್ ಮುಗಿಯಿತು ಎಂದು ಮೇಲಕ್ಕೆ ಓಡಿದರೆ ರಕ್ತದಲ್ಲಿ, ನರಗಳಲ್ಲಿ ಗುಳ್ಳೆ ಕಟ್ಟುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಲೆಕ್ಕವೆಲ್ಲ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಮೊದಲು ಮೇಲೆ ಬರಲು ಏನು ಬೇಕು ಎಂದು ನೋಡೋಣ. ಉಳಿದದ್ದರಲ್ಲಿ ಕೆಳಗೆ ಎಷ್ಟು ಹೊತ್ತು ಇರಬಹುದು ಎಂದು ಆಮೇಲೆ ನೋಡೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಇಲ್ಲಿ ಆ ಹಾಸಿಗೆ ಬೆನ್ನ ಮೇಲಿನ ಸಿಲಿಂಡರ್.

ಹಂತ 1: ತರಬೇತಿ

ಇದನ್ನು ಓದಿ ಯಾರೂ ನೇರವಾಗಿ ನೀರಿಗೆ ಇಳಿಯಬೇಡಿ. ಈ ಬರಹ ಕೋರ್ಸ್‌ಗೆ ಬದಲಿ ಅಲ್ಲ. ಕೋರ್ಸ್‌ನಲ್ಲಿ ಕಲಿಯುವ ವಿಷಯಗಳು ಒಂದಕ್ಕೊಂದು ಹೇಗೆ ಸೇರುತ್ತವೆ ಎಂದು ತೋರಿಸುವುದಷ್ಟೇ ಇದರ ಕೆಲಸ.

ಡೈವಿಂಗ್ ಕಲಿಸುವ ಟಿಡಿಐ ಸಂಸ್ಥೆಯ ಡಿಕಂಪ್ರೆಷನ್ (ನಿಂತು ನಿಂತು ಮೇಲೆ ಬರುವುದು) ಪ್ರೊಸೀಜರ್ಸ್ ಕೋರ್ಸ್ 45 ಮೀಟರ್‌ವರೆಗೆ ಒಯ್ಯುತ್ತದೆ, ಅದರ ಟ್ರೈಮಿಕ್ಸ್ (ಹೀಲಿಯಂ ಬೆರೆತ ಗ್ಯಾಸ್) ಕೋರ್ಸ್ 60 ಮೀಟರ್‌ವರೆಗೆ. ಪಾಡಿ ಸಂಸ್ಥೆಯಲ್ಲಿ ಟೆಕ್ 40, 45, 50 ಎಂದು ಮೆಟ್ಟಿಲುಗಳಿವೆ. ಜಿಯುಇ, ಐಎಎನ್‌ಟಿಡಿ ಸಂಸ್ಥೆಗಳಿಗೂ ತಮ್ಮದೇ ದಾರಿ ಇದೆ. ಯಾವ ಕಾರ್ಡ್ ಎನ್ನುವುದಕ್ಕಿಂತ ಯಾರು ಕಲಿಸುತ್ತಾರೆ ಎಂದು ಜಾಸ್ತಿ ನೋಡಿ. ನಿಮ್ಮ ಕೈಯಲ್ಲಿ ವಾಲ್ವ್ ಮುಚ್ಚಿಸಿ, ಮಾಸ್ಕ್ ತೆಗೆಸಿ, ಅದರ ನಡುವೆಯೂ ಅರ್ಧ ಮೀಟರ್ ಮೇಲೆ ಕೆಳಗೆ ಆಗದ ಹಾಗೆ ನಿಲ್ಲಿಸುವ ಗುರು ಸಿಕ್ಕರೆ ಅವರನ್ನು ಬಿಡಬೇಡಿ.

ಹಡಗಿನ ಒಳಗೆ ಹೋಗುವ ಆಸೆ ಇದ್ದರೆ ಅದಕ್ಕೆ ರೆಕ್ (ಮುಳುಗಿದ ಹಡಗಿನ) ಡೈವಿಂಗ್‌ನ ಮುಂದುವರಿದ ಕೋರ್ಸ್ ಬೇರೆಯೇ ಬೇಕು. ಈ ಮಾರ್ಗದರ್ಶಿಯಲ್ಲಿ ನಾವು ಹೊರಗೇ ಇರುತ್ತೇವೆ.

ಹಂತ 2: ಜಾಗದ ಪರಿಚಯ

ಕೃತಕ ರೀಫ್‌ನ ಒಂದು ಅನುಕೂಲ ಏನೆಂದರೆ, ಅದರ ನಕ್ಷೆ ಸಿಗುತ್ತದೆ. ಅದು ಎಲ್ಲಿದೆ, ಯಾವ ಕಡೆಗೆ ಮುಖ ಮಾಡಿದೆ, ಯಾವ ಬಾಗಿಲುಗಳನ್ನು ತೆಗೆದಿದ್ದಾರೆ, ಬೋಯ್ (ಗುರುತಿಗೆ ನೀರಿನ ಮೇಲೆ ತೇಲುವ ಬುರುಡೆ) ಎಲ್ಲಿ ಕಟ್ಟಿದ್ದಾರೆ, ಎಲ್ಲಕ್ಕೂ ದಾಖಲೆ ಇರುತ್ತದೆ. ಹಳೆಯ ಫೋಟೋಗಳನ್ನೂ ನೋಡಿ. ತೇಲುತ್ತಿದ್ದಾಗ ಹಡಗು ಹೇಗಿತ್ತು ಎಂದು ಮನಸ್ಸಿನಲ್ಲಿದ್ದರೆ ಕೆಳಗೆ ದಿಕ್ಕು ತಪ್ಪುವುದು ಕಡಿಮೆ.

ಆದರೆ ದಾಖಲೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಒರಿಸ್ಕನಿಯ ಡೆಕ್ ಮೂರು ಮೀಟರ್ ಕೆಳಗೆ ಹೋದದ್ದನ್ನು ಆಗಲೇ ಹೇಳಿದೆ. ಅದೇ ರಾಜ್ಯದ ಕೀ ಲಾರ್ಗೋದಲ್ಲಿ 2002ರಲ್ಲಿ ಮುಳುಗಿಸಿದ ‘ಸ್ಪೀಗಲ್ ಗ್ರೋವ್’ ಹಡಗು ಪಕ್ಕಕ್ಕೆ ಮಲಗಿಬಿಟ್ಟಿತ್ತು. 2005ರಲ್ಲಿ ಡೆನಿಸ್ ಚಂಡಮಾರುತ ಅದನ್ನು ಎತ್ತಿ ನೆಟ್ಟಗೆ ಕೂರಿಸಿತು! ಕಬ್ಬಿಣ ತುಕ್ಕು ಹಿಡಿಯುತ್ತದೆ, ತಗಡು ಕುಸಿಯುತ್ತದೆ. ಇತ್ತೀಚೆಗೆ ಅಲ್ಲಿ ಇಳಿದವರನ್ನು ಅಥವಾ ಬೋಟಿನ ಕ್ಯಾಪ್ಟನ್‌ರನ್ನು ಕೇಳಿ.

ಇನ್ನೊಂದು ಮಾತು. ಒರಿಸ್ಕನಿಯಲ್ಲಿ 1966ರ ಅಕ್ಟೋಬರ್‌ನಲ್ಲಿ ದೊಡ್ಡ ಬೆಂಕಿ ಬಿದ್ದು 44 ಜನ ಸತ್ತರು. ಮುಳುಗಿಸಿದ ಹಡಗಾದರೂ ಅದಕ್ಕೊಂದು ಬದುಕಿತ್ತು. ಇಳಿಯುವ ಮೊದಲು ಅದನ್ನು ಓದಿಕೊಂಡು ಹೋಗಿ. ಆಗ ಅಲ್ಲಿಂದ ಏನನ್ನೂ ಕಿತ್ತು ತರಲು ಮನಸ್ಸು ಬರುವುದಿಲ್ಲ.

ಹಂತ 3: ಯಾವ ಗ್ಯಾಸ್ ಉಸಿರಾಡಬೇಕು

ಇಲ್ಲಿಂದ ಮುಂದೆ ಒಂದೇ ಉದಾಹರಣೆ ಹಿಡಿಯೋಣ. ಜಾಸ್ತಿ ಆಳ 50 ಮೀಟರ್, ಕೆಳಗಿನ ಸಮಯ 20 ನಿಮಿಷ, ಇಬ್ಬರು ಡೈವರ್‌ಗಳು.

ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒಂದು ಬಾರ್ ಒತ್ತಡ ಸೇರುತ್ತದೆ. ಮೇಲಿನ ಗಾಳಿಯ ಒಂದು ಬಾರ್ ಸೇರಿ 50 ಮೀಟರ್‌ನಲ್ಲಿ ಒಟ್ಟು 6 ಬಾರ್. ಸಾಮಾನ್ಯ ಗಾಳಿಯನ್ನೇ ಅಲ್ಲಿ ಉಸಿರಾಡಿದರೆ ಎರಡು ತೊಂದರೆ. ಒಂದು, ನೈಟ್ರೋಜನ್ ಅಮಲು. ಕುಡಿದವರ ಹಾಗೆ ತಲೆ ಮಂಕಾಗುತ್ತದೆ, ಮಂಕಾಗಿದೆ ಎನ್ನುವುದೂ ಗೊತ್ತಾಗುವುದಿಲ್ಲ. ಎರಡು, ಗಾಳಿ ದಪ್ಪವಾಗುತ್ತದೆ. 50 ಮೀಟರ್‌ನಲ್ಲಿ ಒಂದು ಲೀಟರ್ ಗಾಳಿ ಸುಮಾರು 7.8 ಗ್ರಾಂ ತೂಗುತ್ತದೆ. ಈಗ ತಜ್ಞರು ಕೊಡುವ ಸಲಹೆ 5.2 ಗ್ರಾಂ ಸುತ್ತಮುತ್ತ ಇರಲಿ, 6.2 ದಾಟಬೇಡಿ ಎಂದು. ದಪ್ಪ ಗ್ಯಾಸ್‌ನಲ್ಲಿ ಉಸಿರು ಪೂರ್ತಿ ಹೊರಗೆ ಹೋಗದೆ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರುತ್ತದೆ. ಸ್ವಲ್ಪ ಜೋರಾಗಿ ಈಜಿದರೂ ಏದುಸಿರು ಬಂದು, ಆ ಏದುಸಿರು ನಿಲ್ಲುವುದೇ ಇಲ್ಲ. ಅಮಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಇದರ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಇದೇ ಹೆಚ್ಚು ಭಯದ ವಿಷಯ.

ಪರಿಹಾರ ಹೀಲಿಯಂ. 21 ಪಾಲು ಆಕ್ಸಿಜನ್, 35 ಪಾಲು ಹೀಲಿಯಂ, ಉಳಿದದ್ದು ನೈಟ್ರೋಜನ್ ಇರುವ ಮಿಶ್ರಣಕ್ಕೆ 21/35 ಟ್ರೈಮಿಕ್ಸ್ ಎನ್ನುತ್ತಾರೆ. 50 ಮೀಟರ್‌ನಲ್ಲಿ ಇದರ ತೂಕ ಲೀಟರಿಗೆ ಸುಮಾರು 5.5 ಗ್ರಾಂ. ಅಮಲಿನ ಮಟ್ಟಿಗೆ 29 ಮೀಟರ್‌ನಲ್ಲಿ ಗಾಳಿ ಉಸಿರಾಡಿದ ಹಾಗೆ. ಆಕ್ಸಿಜನ್ ಒತ್ತಡ 6 ಗುಣಿಸು 0.21, ಅಂದರೆ 1.26 ಬಾರ್. ಕೆಳಗೆ ಕೆಲಸ ಮಾಡುವಾಗ ಇದು 1.4 ದಾಟಬಾರದು. ದಾಟಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಫಿಟ್ಸ್ ಬರಬಹುದು. ನೀರಿನಡಿ ಫಿಟ್ಸ್ ಎಂದರೆ ಬಾಯಿಂದ ಉಸಿರಾಡುವ ರೆಗ್ಯುಲೇಟರ್ ಬಿದ್ದುಹೋಗುತ್ತದೆ.

ಮೇಲೆ ಬರುವಾಗ ಆಕ್ಸಿಜನ್ ಜಾಸ್ತಿ ಇದ್ದಷ್ಟೂ ನೈಟ್ರೋಜನ್, ಹೀಲಿಯಂ ಬೇಗ ಹೊರಬೀಳುತ್ತವೆ. ಆಗ ಸುಮ್ನೆ ನಿಂತಿರುತ್ತೇವೆ, ಹಾಗಾಗಿ 1.6 ಬಾರ್‌ವರೆಗೆ ಬಿಡುತ್ತಾರೆ. ಈ ಲೆಕ್ಕದಲ್ಲಿ 50 ಶೇಕಡಾ ನೈಟ್ರಾಕ್ಸ್ (ಅರ್ಧ ಆಕ್ಸಿಜನ್, ಅರ್ಧ ನೈಟ್ರೋಜನ್) ಅನ್ನು 21 ಮೀಟರ್‌ನಿಂದ, ಶುದ್ಧ ಆಕ್ಸಿಜನ್ ಅನ್ನು 6 ಮೀಟರ್‌ನಿಂದ ಬಳಸಬಹುದು. ಈ ಎರಡು ಅಂಕಿ ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರಬೇಕು.

ಹಂತ 4: ಕನಿಷ್ಠ ಗ್ಯಾಸ್

ಇಡೀ ಯೋಜನೆಯ ಬುಡ ಇದೇ. ಕೆಟ್ಟ ಗಳಿಗೆ ಯಾವುದು ಎಂದು ಮೊದಲು ಊಹಿಸಿಕೊಳ್ಳಿ. ಕೆಳಗಿನ ಸಮಯದ ಕೊನೆಯ ನಿಮಿಷದಲ್ಲಿ ಜೊತೆಗಾರನ ಗ್ಯಾಸ್ ಪೂರ್ತಿ ಹೋಯಿತು. ಈಗ ನಿಮ್ಮ ಸಿಲಿಂಡರ್‌ನಿಂದ ಇಬ್ಬರೂ ಉಸಿರಾಡುತ್ತಾ 21 ಮೀಟರ್ ಮುಟ್ಟಬೇಕು. ಅಲ್ಲಿ ಇಬ್ಬರಿಗೂ ತಮ್ಮ ತಮ್ಮ ನೈಟ್ರಾಕ್ಸ್ ಇದೆ.

ಗಾಬರಿಯಲ್ಲಿ ಒಬ್ಬರು ನಿಮಿಷಕ್ಕೆ 30 ಲೀಟರ್ ಎಳೆಯುತ್ತಾರೆ ಎಂದುಕೊಳ್ಳಿ. ಇಬ್ಬರಿಗೆ 60. ಆಳದ ಒತ್ತಡದಿಂದ ಗುಣಿಸುತ್ತಾ ಹೋಗಿ.

50 ಮೀಟರ್‌ನಲ್ಲಿ ವಿಷಯ ತಿಳಿದು ಸುಧಾರಿಸಿಕೊಳ್ಳಲು 2 ನಿಮಿಷ: 60 × 6 × 2 = 720 ಲೀಟರ್.
ನಿಮಿಷಕ್ಕೆ 9 ಮೀಟರ್‌ನಂತೆ 21 ಮೀಟರ್‌ಗೆ ಏರಲು 4 ನಿಮಿಷ, ಸರಾಸರಿ ಒತ್ತಡ 4.55 ಬಾರ್: 60 × 4.55 × 4 = 1092 ಲೀಟರ್.
21 ಮೀಟರ್‌ನಲ್ಲಿ ಗ್ಯಾಸ್ ಬದಲಿಸಲು 1 ನಿಮಿಷ: 60 × 3.1 = 186 ಲೀಟರ್.

ಒಟ್ಟು 1998, ಅಂದರೆ 2000 ಲೀಟರ್. ಬೆನ್ನಲ್ಲಿ 12 ಲೀಟರಿನ ಎರಡು ಸಿಲಿಂಡರ್ ಇದ್ದರೆ 24ರಿಂದ ಭಾಗಿಸಿ, 83 ಬಾರ್ ಸಿಗುತ್ತದೆ. 90 ಎಂದು ಇಟ್ಟುಕೊಳ್ಳಿ. ಈ 90 ಬಾರ್ ನಿಮ್ಮದಲ್ಲ, ಜೊತೆಗಾರನದು. ಮೀನು ಎಷ್ಟೇ ಚೆನ್ನಾಗಿರಲಿ, ಗೇಜ್ 90 ತೋರಿಸುವ ಹೊತ್ತಿಗೆ ನೀವು ಏರಲು ಶುರು ಮಾಡಿರಬೇಕು.

220 ಬಾರ್ ತುಂಬಿಸಿಕೊಂಡಿದ್ದರೆ ಬಳಸಲು ಉಳಿಯುವುದು 130 ಬಾರ್, ಅಂದರೆ 3120 ಲೀಟರ್. ನೆಮ್ಮದಿಯಾಗಿ ಈಜುವಾಗ ನಿಮಿಷಕ್ಕೆ 20 ಲೀಟರ್ ಬೇಕಾದರೆ, 50 ಮೀಟರ್‌ನಲ್ಲಿ ಅದು 120 ಲೀಟರ್ ಆಗುತ್ತದೆ. 26 ನಿಮಿಷಕ್ಕೆ ಸಾಕು. ನಮ್ಮ 20 ನಿಮಿಷದ ಯೋಜನೆ ಅದರೊಳಗೆ ಬರುತ್ತದೆ.

ಇಳಿದ ಹಗ್ಗಕ್ಕೇ ವಾಪಸ್ ಬರಬೇಕೆಂದರೆ ಆ 130ನ್ನು ಅರ್ಧ ಮಾಡಿ. 65 ಬಾರ್ ಹೋಗಲು, 65 ಬರಲು. ಗೇಜ್ 155ಕ್ಕೆ ಬಂದರೆ ಅಥವಾ 10 ನಿಮಿಷ ಆದರೆ, ಯಾವುದು ಮೊದಲೋ ಆಗ ತಿರುಗಿ.

ಹಂತ 5: ಡಿಕೋ ಯೋಜನೆ

ಡಿಕೋ ಎಂದರೆ ಡಿಕಂಪ್ರೆಷನ್. ಅದರ ನಿಲುಗಡೆಗಳ ಪಟ್ಟಿಯನ್ನು ಸಾಫ್ಟ್‌ವೇರ್ ಹಾಕಿಕೊಡುತ್ತದೆ. ಸಬ್‌ಸರ್ಫೇಸ್ ಎಂಬ ಉಚಿತ ಪ್ರೋಗ್ರಾಂ ಇದೆ. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಮಾಡಿದ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು ಅದು. ಅದರಲ್ಲಿ ಯೋಜನೆ ಹಾಕುವ ಭಾಗ ಚೆನ್ನಾಗಿದೆ. ಇಂಥ ಹೆಚ್ಚಿನ ಪ್ರೋಗ್ರಾಂಗಳು ಮೈಯಲ್ಲಿ ಅನಿಲ ಕರಗಿ ಹೊರಬೀಳುವ ಬ್ಯೂಲ್‌ಮನ್ ಲೆಕ್ಕವನ್ನು ಗ್ರೇಡಿಯಂಟ್ ಫ್ಯಾಕ್ಟರ್ ಎಂಬ ಎರಡು ಅಂಕಿಗಳಿಂದ ಬಿಗಿ ಮಾಡುತ್ತವೆ. ಮೊದಲ ಅಂಕಿ ಚಿಕ್ಕದಾದಷ್ಟೂ ಮೊದಲ ನಿಲುಗಡೆ ಆಳಕ್ಕೆ ಹೋಗುತ್ತದೆ. ಎರಡನೆಯದು ಚಿಕ್ಕದಾದಷ್ಟೂ ಕೊನೆಯ ನಿಲುಗಡೆ ಉದ್ದವಾಗುತ್ತದೆ.

ಒಂದು ಕಾಲದಲ್ಲಿ ಆಳದಲ್ಲಿ ನಿಂತಷ್ಟೂ ಒಳ್ಳೆಯದು ಎಂದು ಎಲ್ಲರೂ ನಂಬಿದ್ದರು. ಅಮೆರಿಕದ ನೌಕಾಪಡೆ ಅದನ್ನು ಪರೀಕ್ಷಿಸಿತು. ಸುಮಾರು 52 ಮೀಟರ್ ಆಳ, 30 ನಿಮಿಷ, ಒಟ್ಟು ಡಿಕೋ ಸಮಯ ಎರಡು ಗುಂಪಿಗೂ ಒಂದೇ. ಆಳದಲ್ಲಿ ಹೆಚ್ಚು ನಿಂತವರಲ್ಲಿ 198 ಡೈವ್‌ಗೆ 11 ಜನಕ್ಕೆ ಗುಳ್ಳೆಯಿಂದಾಗುವ ಡಿಕಂಪ್ರೆಷನ್ ಕಾಯಿಲೆ ಬಂತು. ಮೇಲೆ ಹೆಚ್ಚು ನಿಂತವರಲ್ಲಿ 192 ಡೈವ್‌ಗೆ 3. 2011ರಲ್ಲಿ ಈ ವರದಿ ಬಂದ ಮೇಲೆ ತುಂಬಾ ಜನ ಮೊದಲ ಅಂಕಿಯನ್ನು ಏರಿಸಿದರು. ಆ ಡೈವ್‌ಗಳಲ್ಲಿ ಉಸಿರಾಡಿದ್ದು ಗಾಳಿ, ನಮ್ಮದು ಟ್ರೈಮಿಕ್ಸ್. ಆದರೂ ಆಳ ನಮ್ಮ ರೀಫ್‌ನದ್ದೇ ಅಲ್ವಾ? ನಾನು ಆ ಮಾತನ್ನು ಕೇಳುತ್ತೇನೆ. ಮೊದಲ ಅಂಕಿಯನ್ನು 20 ಅಥವಾ 30 ಇಟ್ಟು ಆಳದಲ್ಲಿ ಸುಮ್ನೆ ಗ್ಯಾಸ್ ಸುಡುವುದಿಲ್ಲ.

ಡಿಕೋ ಗ್ಯಾಸ್ ಲೆಕ್ಕವೂ ಇದೇ ತರಹ. ಲೆಕ್ಕದ ರೀತಿ ತಿಳಿಯಲಿ ಎಂದು ಮಾತ್ರ ಒಂದು ಅಂಕಿ ಹಿಡಿಯುತ್ತೇನೆ, ಇದನ್ನೇ ಪಟ್ಟಿ ಎಂದುಕೊಳ್ಳಬೇಡಿ. 6 ಮೀಟರ್‌ನಲ್ಲಿ ಆಕ್ಸಿಜನ್ ಮೇಲೆ 15 ನಿಮಿಷ ಎಂದು ಬಂದರೆ, 20 × 1.6 × 15 = 480 ಲೀಟರ್. ಅದರ ಒಂದೂವರೆ ಪಟ್ಟು 720 ಒಯ್ಯಿರಿ. 7 ಲೀಟರಿನ ಸಿಲಿಂಡರ್‌ಗೆ 200 ಬಾರ್ ತುಂಬಿದರೆ 1400 ಲೀಟರ್, ಧಾರಾಳ.

ಆಮೇಲೆ ಇನ್ನೂ ಮೂರು ಪಟ್ಟಿ ಬರೆದುಕೊಳ್ಳಿ. 3 ಮೀಟರ್ ಆಳ ಮತ್ತು 5 ನಿಮಿಷ ಜಾಸ್ತಿ ಆದರೆ ಒಂದು, ನೈಟ್ರಾಕ್ಸ್ ಕೈಕೊಟ್ಟರೆ ಒಂದು, ಆಕ್ಸಿಜನ್ ಕೈಕೊಟ್ಟರೆ ಒಂದು. ನೀರಿನಲ್ಲಿ ಓದುವ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಕೈಗೆ ಕಟ್ಟುವ ಡೈವ್ ಕಂಪ್ಯೂಟರ್ ಎರಡಿದ್ದರೂ ಬರೆಯಿರಿ.

ಹಂತ 6: ಸಲಕರಣೆ

ಜೋಡಿ ಸಿಲಿಂಡರ್, ನಡುವೆ ಎರಡನ್ನೂ ಬೇರ್ಪಡಿಸುವ ಐಸೊಲೇಟರ್ ವಾಲ್ವ್. ಬಲಗಡೆಯಿಂದ ಎರಡು ಮೀಟರ್ ಉದ್ದದ ಹೋಸ್. ನೀವು ಉಸಿರಾಡುವುದು ಅದರಲ್ಲೇ. ಕೊಡಬೇಕಾದಾಗ ಬಾಯಿಂದ ತೆಗೆದು ಅದನ್ನೇ ಕೊಟ್ಟು, ಕುತ್ತಿಗೆಗೆ ನೇತುಹಾಕಿದ ಇನ್ನೊಂದನ್ನು ನೀವು ಹಾಕಿಕೊಳ್ಳುತ್ತೀರಿ. ಡ್ರೈಸೂಟ್‌ಗೆ (ನೀರು ಒಳಗೆ ಬಾರದ ಉಡುಪು) ಟ್ರೈಮಿಕ್ಸ್ ತುಂಬಬೇಡಿ. ಹೀಲಿಯಂ ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಅದಕ್ಕೆ ಬೇರೆ ಚಿಕ್ಕ ಸಿಲಿಂಡರ್ ಇಡಿ. ಕಂಪ್ಯೂಟರ್, ಮಾಸ್ಕ್, ರೀಲ್, ಮೇಲಕ್ಕೆ ಕಳಿಸುವ ಗುರುತಿನ ಬಲೂನು, ಎಲ್ಲವೂ ಎರಡೆರಡು.

ಕತ್ತರಿಸುವ ಸಾಧನವಂತೂ ಎರಡು ಇರಲೇಬೇಕು, ಎರಡೂ ಕೈಗೂ ಸಿಗಬೇಕು. ಕೃತಕ ರೀಫ್ ಎಂದರೆ ಮೀನು, ಮೀನು ಎಂದರೆ ಗಾಳ ಹಾಕುವವರು. ಹರಿದ ನೈಲಾನ್ ದಾರ ಕಂಬದಿಂದ ಕಂಬಕ್ಕೆ ಜೇಡರ ಬಲೆಯ ಹಾಗೆ ಕಟ್ಟಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಮ್ಮೆ ನನ್ನ ಸಿಲಿಂಡರ್ ವಾಲ್ವ್‌ಗೆ ಹಿಂದಿನಿಂದ ಸಿಕ್ಕಿಕೊಂಡಿತ್ತು. ಮುಂದಕ್ಕೆ ಈಜಿದಷ್ಟೂ ಬಿಗಿಯಾಗುತ್ತಿತ್ತು. ನಿಂತು, ಟಾರ್ಚ್ ಆಡಿಸಿ ಜೊತೆಗಾರನನ್ನು ಕರೆದೆ. ಅವನು ಎರಡೇ ಸಲ ಕೊಯ್ದ, ಬಿಟ್ಟಿತು. ಒಬ್ಬನೇ ಇದ್ದಿದ್ದರೆ ಆ ದಾರ ನನ್ನ ಕೈಗೆ ಎಟುಕುತ್ತಿರಲಿಲ್ಲ.

ಹಂತ 7: ಡೈವ್ ದಿನದ ಬೆಳಿಗ್ಗೆ

ಪ್ರತಿ ಸಿಲಿಂಡರ್‌ನ ಗ್ಯಾಸ್ ಅನ್ನು ನೀವೇ ಅಳೆಯಿರಿ. ತುಂಬಿಸಿದವರು ಬರೆದ ಚೀಟಿ ಸಾಲದು. ಅಳೆದ ಮೇಲೆ ಟೇಪ್ ಅಂಟಿಸಿ, ಅದನ್ನು ಬಳಸಬಹುದಾದ ಆಳವನ್ನು ಸಿಲಿಂಡರ್‌ನ ಉದ್ದಕ್ಕೆ ದೊಡ್ಡದಾಗಿ ಬರೆಯಿರಿ. ಜೊತೆಗಾರನಿಗೂ ಓದಲು ಬರಬೇಕು. ಆಕ್ಸಿಜನ್ ಸಿಲಿಂಡರ್‌ನಲ್ಲಿ 6 ಎಂದು ಕಾಣದಿದ್ದರೆ ಆ ಸಿಲಿಂಡರ್ ಬೋಟಿನಲ್ಲೇ ಉಳಿಯಲಿ.

ಬೋಟಿನಲ್ಲಿ ತುರ್ತು ಆಕ್ಸಿಜನ್ ಇದೆಯೇ, ಹತ್ತಿರದ ರಿಕಂಪ್ರೆಷನ್ ಚೇಂಬರ್ (ಮತ್ತೆ ಒತ್ತಡಕ್ಕೆ ಒಳಪಡಿಸಿ ಚಿಕಿತ್ಸೆ ಕೊಡುವ ಕೋಣೆ) ಎಲ್ಲಿ, ಅದು ಈಗ ಕೆಲಸ ಮಾಡುತ್ತಿದೆಯೇ ಎಂದು ವಿಚಾರಿಸಿ. ನೀವು ಎಷ್ಟು ಹೊತ್ತಿಗೆ ಮೇಲೆ ಬರುತ್ತೀರಿ ಎಂದು ಕ್ಯಾಪ್ಟನ್‌ಗೆ ಬರೆದು ಕೊಡಿ. ಗಾಳಿ, ಅಲೆ, ಸೆಳೆತ ನೋಡಿ. ತಂಡದ ಯಾರೇ ಒಬ್ಬರು ಬೇಡ ಎಂದರೂ ಡೈವ್ ಇಲ್ಲ. ಕಾರಣ ಕೇಳಬಾರದು.

ಹಂತ 8: ಇಳಿಯುವುದು

6 ಮೀಟರ್‌ನಲ್ಲಿ ನಿಂತು ಒಬ್ಬರ ಬೆನ್ನು ಒಬ್ಬರು ನೋಡಿ. ವಾಲ್ವ್‌ನಿಂದ ಗುಳ್ಳೆ ಬರುತ್ತಿದ್ದರೆ ಅಲ್ಲಿಂದಲೇ ವಾಪಸ್. ಸರಿ ಇದ್ದರೆ ಬೋಯ್ ಹಗ್ಗದ ಪಕ್ಕ ಇಳಿಯಿರಿ, ಎಳೆದು ನೇತಾಡಬೇಡಿ. ಒರಿಸ್ಕನಿಯಂಥ ಕಡೆ ಮೊದಲು ಗೋಪುರ ಕಾಣಿಸುತ್ತದೆ. ಅಲ್ಲೇ ನಿಂತು ನೋಡುವ ಆಸೆ ಆಗುತ್ತದೆ. ಬೇಡ, ಅದನ್ನು ವಾಪಸ್ ಬರುವಾಗ ನೋಡಬಹುದು. ಡೆಕ್ ಮುಟ್ಟಿದ ಮೇಲೆ ಹಗ್ಗದ ಬುಡದಲ್ಲಿ ಮಿನುಗುವ ಲೈಟ್ ಕಟ್ಟಿ, ಗೇಜ್ ನೋಡಿ, ಜೊತೆಗಾರನಿಗೆ ತೋರಿಸಿ.

ಹಂತ 9: ರೀಫ್ ನೋಡುವುದು

ಇಷ್ಟೆಲ್ಲ ಮಾಡಿದ್ದು ಈ ಕೆಲವು ನಿಮಿಷಕ್ಕೆ. ಸೆಳೆತ ಇದ್ದರೆ ಮೊದಲು ಅದಕ್ಕೆ ಎದುರಾಗಿ ಹೋಗಿ, ಬರುವಾಗ ಅದೇ ನಿಮ್ಮನ್ನು ತರುತ್ತದೆ. ಒಂದೇ ಗುರಿ ಇಟ್ಟುಕೊಳ್ಳಿ. ಡೆಕ್‌ನ ಒಂದು ಅಂಚು, ಅಥವಾ ಗೋಪುರದ ಒಂದು ಮುಖ. ಇಡೀ ಹಡಗು ನೋಡುತ್ತೇನೆ ಎಂದರೆ ಏನೂ ನೋಡಿದ ಹಾಗಾಗುವುದಿಲ್ಲ.

ಕಬ್ಬಿಣದ ಮೇಲೆ ಏನು ಬೆಳೆದಿದೆ ಎಂದು ಹತ್ತಿರದಿಂದ ನೋಡಿ. ಸ್ಪಂಜು, ಚಿಪ್ಪು, ಮೆತ್ತಗಿನ ಹವಳ. ಬೆಳಕು ಮತ್ತು ನೀರಿನ ಓಟ ಚೆನ್ನಾಗಿರುವ ಮೇಲಿನ ಅಂಚುಗಳಲ್ಲಿ ಬೆಳವಣಿಗೆ ದಟ್ಟ, ಮುಚ್ಚಿದ ಮೂಲೆಗಳಲ್ಲಿ ಕಡಿಮೆ. ಈ ವ್ಯತ್ಯಾಸ ನೋಡುತ್ತಾ ಹೋದರೆ ರೀಫ್ ಹೇಗೆ ಹುಟ್ಟುತ್ತದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಮೆಕ್ಸಿಕೋ ಕೊಲ್ಲಿಯಲ್ಲಿ ಲಯನ್ ಫಿಶ್ ಕೂಡ ಕಾಣುತ್ತವೆ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಮೀನು ಅದು, ಅಲ್ಲಿ ಅತಿಥಿಯಾಗಿ ಬಂದು ಹಾವಳಿ ಮಾಡುತ್ತಿದೆ. ನೋಡಲು ಅಂದ, ಆದರೆ ಬೆನ್ನಿನ ಮುಳ್ಳಿನಲ್ಲಿ ವಿಷ. ಕೈ ಇಡುವ ಮೊದಲು ಜಾಗ ನೋಡಿ. ಇನ್ನೂ ಒಳ್ಳೆಯದೆಂದರೆ ಎಲ್ಲೂ ಕೈ ಇಡಬೇಡಿ.

ಬಾಗಿಲು ತೆರೆದಿದೆ ಎಂದು ಒಳಗೆ ಹೋಗಬೇಡಿ. ಒಳಗಿನ ಕೆಸರು ಒಮ್ಮೆ ಎದ್ದರೆ ಬಂದ ಬಾಗಿಲೇ ಕಾಣುವುದಿಲ್ಲ. ನಮ್ಮ ಗ್ಯಾಸ್ ಲೆಕ್ಕದಲ್ಲಿ ದಾರಿ ಹುಡುಕುವ ಸಮಯವನ್ನು ನಾವು ಸೇರಿಸಿಲ್ಲ.

ಹಂತ 10: ಮೇಲೆ ಬರುವುದು

ನಿಮಿಷಕ್ಕೆ 9 ಮೀಟರ್. ಹಗ್ಗ ಸಿಕ್ಕರೆ ಹಗ್ಗದ ಪಕ್ಕ, ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ. ಬಲೂನು ಮೇಲೆ ಕಳಿಸಿ ಅದರ ದಾರ ಹಿಡಿದು ಬನ್ನಿ, ಬೋಟ್ ಅದನ್ನು ಹಿಂಬಾಲಿಸುತ್ತದೆ.

21 ಮೀಟರ್‌ನಲ್ಲಿ ಗ್ಯಾಸ್ ಬದಲಿಸುವ ಕ್ಷಣ ಇಡೀ ಡೈವ್‌ನಲ್ಲಿ ಅತಿ ಅಪಾಯದ್ದು. ಅವಸರ ಬೇಡ. ಕಂಪ್ಯೂಟರ್‌ನಲ್ಲಿ ಆಳ ನೋಡಿ. ಸಿಲಿಂಡರ್ ಮೇಲಿನ ಅಂಕಿ ಓದಿ. ವಾಲ್ವ್ ತೆರೆದು, ಅಲ್ಲಿಂದ ಹೋಸ್ ಹಿಡಿದು ಬೆರಳು ಓಡಿಸಿಕೊಂಡು ರೆಗ್ಯುಲೇಟರ್‌ವರೆಗೆ ಬನ್ನಿ. ಜೊತೆಗಾರ ಅದೇ ಅಂಕಿ ಓದಿ ತಲೆಯಾಡಿಸಿದ ಮೇಲೆ ಬಾಯಿಗೆ ಇಡಿ. ಒಬ್ಬರು ಬದಲಿಸುವಾಗ ಇನ್ನೊಬ್ಬರು ನೋಡುತ್ತಿರಬೇಕು. 6 ಮೀಟರ್‌ಗೆ ಮೀಸಲಾದ ಆಕ್ಸಿಜನ್ ಅನ್ನು 21ರಲ್ಲಿ ಹಾಕಿಕೊಂಡರೆ ಅದರ ಒತ್ತಡ 3.1 ಬಾರ್ ಆಗುತ್ತದೆ, ಮಿತಿಯ ಎರಡು ಪಟ್ಟು ಹತ್ತಿರ.

ಆಮೇಲಿನ ಕೆಲಸ ತಾಳ್ಮೆಯದು. ಚಳಿ ಆಗುತ್ತದೆ, ಬೇಸರ ಆಗುತ್ತದೆ. 6 ಮೀಟರ್‌ನಿಂದ ಮೇಲಕ್ಕೆ ಕೊನೆಯ ಏರಿಕೆಯನ್ನು ಅತಿ ನಿಧಾನ ಮಾಡಿ, ನಿಮಿಷಕ್ಕೆ ಒಂದೆರಡು ಮೀಟರ್ ಸಾಕು. ಒತ್ತಡ ಅತಿ ಬೇಗ ಬದಲಾಗುವುದು ಅಲ್ಲೇ.

ಹಂತ 11: ಬೋಟಿಗೆ ಬಂದ ಮೇಲೆ

ಭಾರದ ಸಿಲಿಂಡರ್ ಎತ್ತಾಡಬೇಡಿ, ನೀರು ಕುಡಿಯಿರಿ, ಬೆಚ್ಚಗಿರಿ. ಕೀಲು ನೋವು, ಚರ್ಮದ ಮೇಲೆ ಕೆಂಪು ಮಚ್ಚೆ, ಜುಮ್ಮೆನ್ನುವುದು, ತಲೆ ಸುತ್ತುವುದು, ವಿಪರೀತ ಸುಸ್ತು, ಯಾವುದು ಬಂದರೂ ತಕ್ಷಣ ಹೇಳಿ ಆಕ್ಸಿಜನ್ ತೆಗೆದುಕೊಳ್ಳಿ. ‘ಮಲಗಿದರೆ ಹೋಗುತ್ತೆ’ ಎಂದು ಕಾಯಬೇಡಿ. ಡಿಕೋ ಡೈವ್ ಆದ ಮೇಲೆ ಕಡಿಮೆ ಎಂದರೂ 24 ಗಂಟೆ ವಿಮಾನ ಹತ್ತಬೇಡಿ.

ಅದೇ ದಿನ ಸಂಜೆ ಲೆಕ್ಕದ ಪುಸ್ತಕ ತೆಗೆಯಿರಿ. ತಿರುಗುವಾಗ ಎಷ್ಟು ಬಾರ್ ಇತ್ತು, ಏರಲು ಶುರು ಮಾಡಿದಾಗ ಎಷ್ಟು, ನಿಮಿಷಕ್ಕೆ ನಿಜವಾಗಿ ಎಷ್ಟು ಲೀಟರ್ ಖರ್ಚಾಯಿತು ಎಂದು ಬರೆಯಿರಿ. ನಾವು 20 ಎಂದು ಹಿಡಿದಿದ್ದೆವು. ಸೆಳೆತಕ್ಕೆ ಎದುರಾಗಿ ಈಜಿದ್ದರಿಂದ ಅದು 24 ಆಗಿದ್ದರೆ, 26 ನಿಮಿಷದ ಗ್ಯಾಸ್ ನಿಮ್ಮ ಪಾಲಿಗೆ 21 ನಿಮಿಷಕ್ಕೂ ಸ್ವಲ್ಪವೇ ಮೇಲೆ ಬಂದು ನಿಲ್ಲುತ್ತದೆ. ಮುಂದಿನ ಸಲ 4ನೇ ಹಂತಕ್ಕೆ ಕೂತಾಗ ಆ 24 ಅನ್ನೇ ಹಾಕಿ.